ಪಾವಿನ ಮೈದಾ ರಾತ್ಲಿಗೆ ಬಂದಾಗ

ಅಳತೆ ಗೊತ್ತಿದ್ದವನಿಗೆ ತೂಕ ಹೇಳೋದು ಏನು ಮಹಾ ಅಂತ ನಾನು ಎದೆ ಉಬ್ಬಿಸಿದಾಗಲೆಲ್ಲ ಒಂದಲ್ಲ ಒಂದು ಫಜೀತಿ ಆಗೋದು. ಹಾಗಂತ ಎದೆ ಉಬ್ಬಿಸೋದನ್ನ ನಾನೇನೂ ಬಿಡಲಿಲ್ಲ.

ಐವತ್ತರ ದಶಕದ ಮಾತು. ಚಾಮರಾಜನಗರದ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿನ ಮೇಸ್ತ್ರಿ ಮಲಬಾರಿನ ಕಡೆಯವರು. ಮೈದಾ, ಸಕ್ಕರೆ, ಎಲ್ಲಾ ಪಾವು ಸೇರಿನಲ್ಲಿ ಅಳೆದೇ ಹಾಕೋರು. ತಕ್ಕಡಿ ಮುಟ್ಟಿದವರಲ್ಲ. ಯಜಮಾನರು ಗುಂಡ್ಲುಪೇಟೆಯಲ್ಲಿ ಇನ್ನೊಂದು ಬೇಕರಿ ಇಡೋಕೆ ಹೊರಟರು. ಒಲೆ ಎರಡಾದವು, ಮೇಸ್ತ್ರಿ ಒಬ್ಬರೇ.

"ಅವರ ಅಳತೇನೆಲ್ಲ ರಾತ್ಲು ಲೆಕ್ಕದಲ್ಲಿ ಬರ್ಕೊ. ಎರಡೂರಲ್ಲೂ ಬ್ರೆಡ್ಡು ಒಂದೇ ತರ ಬಂದ್ರೆ ಗುಂಡ್ಲುಪೇಟೆ ಒಲೆ ನಿಂದೇ ಕಣ್ಲಾ. ಇಲ್ದಿದ್ರೆ ಇಲ್ಲೇ ಸೌದೆ ಹಾಕ್ಕೊಂಡಿರು" ಅಂದರು ಯಜಮಾನರು ನನಗೆ.

ಒಂದು ಪಾವಿಗೆ ಮೂರು ತೂಕ

ಮೊದಲನೇ ದಿನ ಪಾವಿಗೆ ಮೈದಾ ಸುರಿದು ತೂಗಿದೆ. ಕಾಲು ರಾತ್ಲು, ಅಂದರೆ ಕಾಲು ಪೌಂಡು, ನಾಲ್ಕು ಔನ್ಸು. ಪಾವನ್ನು ಬೆರಳಲ್ಲಿ ತಟ್ಟಿ ಮತ್ತೆ ತುಂಬಿ ತೂಗಿದೆ. ಒಂದು ಔನ್ಸು ಜಾಸ್ತಿ ಬಂತು. ಅಂಗೈಯಲ್ಲಿ ಅದುಮಿ ತುಂಬಿದೆ. ಇನ್ನೂ ಒಂದು ಔನ್ಸು ಏರಿತು. ಮೇಸ್ತ್ರಿ ಮೂಲೆಯಲ್ಲಿ ನಿಂತು ನಗುತ್ತಿದ್ದರು.

"ಯಾವ್ದು ಸರಿ?" ಅಂದರು ಯಜಮಾನರು.

"ಮೂರೂ ಸರಿಯೇ ಯಜಮಾನ್ರೆ."

ಯಜಮಾನರ ಮುಖ ಅರಳಿತು. "ಹಂಗಾರೆ ಬರ್ಕೊ. ಕೊಳ್ಳೋವಾಗ ಅದುಮಿ ತುಂಬಿಸ್ಕೊಳ್ಳೋದು, ಮಾರೋವಾಗ ಸುರ್ದು ಕೊಡೋದು!"

ಉಮ್ಮತ್ತೂರಿನ ಅಜ್ಜಿ

ಉಮ್ಮತ್ತೂರಿನಿಂದ ಬಂದ ಅಜ್ಜಿಯೊಬ್ಬರಿಗೆ ಬೆಣ್ಣೆ ಬಿಸ್ಕತ್ತು ತೂಗೋಕೆ ಹೋದೆ. ಅಜ್ಜಿ ಸೆರಗಿನ ಒಳಗಿಂದ ಸೇರು ತೆಗೆದರು.

"ನಿನ್ ತಕ್ಕಡಿ ಯಾರ್ ಕಂಡವ್ರೆ? ಇದ್ರಲ್ಲಿ ಅಳಿ."

"ಅಜ್ಜಿ, ಬಿಸ್ಕತ್ತು ಅಳೆದ್ರೆ ಮಧ್ಯೆ ಸಂದು ಉಳೀತದೆ. ನಿಮಗೇ ನಷ್ಟ."

"ಸಂದಾ?" ಅಂದವರೇ ಸೇರನ್ನು ಮೆಟ್ಟಿಲಿಗೆ ಕುಕ್ಕಿ ಕುಕ್ಕಿ, ಇಳಿದಷ್ಟೂ ತುಂಬಿಸಿಕೊಂಡರು. "ನೋಡ್ಲಾ, ಈಗ ಸಂದು ಎಲ್ಲದೆ?"

"ಬಿಸ್ಕತ್ತೆಲ್ಲ ಪುಡಿಯಾಗೋಯ್ತಲ್ಲ ಅಜ್ಜಿ!"

"ಆಗ್ಲಿ ಬುಡು, ನಂಗೆಲ್ಲವೆ ಹಲ್ಲು?"

ಸಾಹೇಬರ ಮನೆ ಕಪ್ಪು

ಮೇಸ್ತ್ರಿ ತುಂಬಿದ ಪಾವನ್ನೇ ತೂಗಿ ಬರೆದುಕೊಂಡ ತೂಕ ಕೈಹಿಡಿಯಿತು. ಗುಂಡ್ಲುಪೇಟೆ ಒಲೆ ನನ್ನದಾಯಿತು. ಬ್ರೆಡ್ಡು ಥೇಟ್ ಮೇಸ್ತ್ರಿ ಮಾಡಿದ ಹಾಗೇ ಬರೋದು. ಆಗ ಬಂಡೀಪುರದ ಕಡೆ ಕಾಡಿನ ಕೆಲಸದಲ್ಲಿದ್ದ ಸಾಹೇಬರ ಹೆಂಡತಿ ಮಗಳ ಹುಟ್ಟುಹಬ್ಬಕ್ಕೆ ಕೇಕ್ ಬೇಕು ಅಂತ ಚೀಟಿ ಕಳಿಸಿದರು. ಮೈದಾ ನಾಲ್ಕು ಕಪ್ಪು, ಸಕ್ಕರೆ ಎರಡು ಕಪ್ಪು, ಬೆಣ್ಣೆ ಒಂದು ಕಪ್ಪು, ಮೊಟ್ಟೆ ನಾಲ್ಕು.

ಕಪ್ಪಿನಲ್ಲಿ ಚಿಕ್ಕದು ದೊಡ್ಡದು ಇರುತ್ತದಲ್ಲ? ಚೀಟಿ ತಂದಿದ್ದ ಆಳಿಗೆ, "ಸಾಹೇಬ್ರ ಮನೆ ಕಪ್ಪು ತಗೊಂಡ್ಬಾ, ತೂಕ ಕಟ್ತೀನಿ" ಅಂದೆ.

ಮಾರನೇ ದಿನ ಟವೆಲಿನಲ್ಲಿ ಸುತ್ತಿ ತಂದ. ಬೆಳ್ಳಿ ಬಣ್ಣ, ಎರಡು ಕಿವಿ, ಕೆಳಗೆ ಮರದ ಪೀಠ. ದೊಡ್ಡವರು ಕಾಫಿ ಕುಡಿಯೋದು ಹೀಗೇ ಇರಬೇಕು ಅಂದುಕೊಂಡೆ. ಅಳೆದೆ, ತೂಗಿದೆ. ಒಂದೊಂದು ಕಪ್ಪಿಗೂ ಎರಡೆರಡು ಸೇರು, ಅಂದರೆ ಎಂಟೆಂಟು ಪಾವು ಮೈದಾ! ಇದಕ್ಕೆ ನಾಲ್ಕು ಮೊಟ್ಟೆ ಎಲ್ಲಿಗೆ ಸಾಕು ಅಂತ ನಾನೇ ತಿದ್ದಿ, ಊರೆಲ್ಲಾ ಸುತ್ತಿ ಇನ್ನೂ ನಲವತ್ತು ತಂದೆ. ಅಂಗಡಿಯಲ್ಲಿದ್ದ ಬೇಯಿಸೋ ತಗಡುಗಳೆಲ್ಲಾ ತುಂಬಿದವು. ಕೇಕು ಗಾಡಿಯಲ್ಲೇ ಹೊರಟಿತು.

ಸಾಹೇಬರ ಮನೆ ಬಾಗಿಲಲ್ಲಿ ಕೇಕಿಗಿಂತ ಮೊದಲು ಕಪ್ಪನ್ನು ಇಳಿಸಿದೆ. ಸಾಹೇಬರ ಮುಖ ಕೆಂಪಾಯಿತು. "ಲೋ! ಓಟದಲ್ಲಿ ಗೆದ್ದ ಕಪ್ಪು ಕಣೋ ಇದು! ಎರಡು ದಿನದಿಂದ ಹುಡುಕ್ತಾ ಇದೀನಿ. ಇದರಲ್ಲಿ ಮೈದಾ ಅಳೆದ್ಯಾ?"

ಒಲೆ ಕೈಬಿಟ್ಟು ಹೋಯಿತು ಅಂತಲೇ ತಿಳಿದೆ. ಅಷ್ಟರಲ್ಲಿ ಅಮ್ಮಾವರು ಹೊರಗೆ ಬಂದು ಗಾಡಿ ನೋಡಿದರು, ಕಪ್ಪು ನೋಡಿದರು, ಗಂಡನ ಮುಖ ನೋಡಿದರು.

"ಬೈಬೇಡಿ ಅವನ್ನ. ಹತ್ತು ವರ್ಷದಿಂದ ಇದನ್ನ ಬರೀ ಒರೆಸ್ತಾ ಇದೀನಿ. ಇವತ್ತಾದ್ರೂ ಒಂದು ಕೆಲಸಕ್ಕೆ ಬಂತು!"