ಐದು ಕಾಲಿನ ಕುದುರೆ ಮತ್ತು ಹೊಸ ಯಜಮಾನಿ

ಪಂಡಿತರಿಗೆ ಆ ಹೆಸರಿಟ್ಟವರು ಹೆತ್ತವರಲ್ಲ, ಕಚೇರಿಯವರು. ನೀರು ಸರಬರಾಜು ಕಚೇರಿಯಲ್ಲಿ ಅವರ ಮೇಜಿಗೆ ಯಾರಾದರೂ 'ನಲ್ಲಿಯಲ್ಲಿ ನೀರು ಬರ್ತಿಲ್ಲ' ಎಂದು ದೂರು ತಂದರೆ, ನೀರು ಎಂದರೇನು ಎಂಬಲ್ಲಿಂದ ವಿವರಿಸುವುದು ಅವರ ಪದ್ಧತಿ. (ದೂರು ತಂದವರು ಎರಡನೆಯ ಸಲ ಬರುತ್ತಿರಲಿಲ್ಲ. ದೂರುಗಳು ಕಡಿಮೆಯಾದುವೆಂದು ಮೇಲಧಿಕಾರಿಗಳು ಬೆನ್ನು ತಟ್ಟಿದ್ದೂ ಉಂಟು.) ಇಂಥ ಪಂಡಿತರಿಗೆ ಸ್ವಂತ ಮನೆಯಲ್ಲಿ, ಅದೂ ಹೆಂಡತಿಯ ತಮ್ಮನಿಂದ, ಅವಮಾನವಾಯಿತು.

ಮುಂದಿನ ಕೋಣೆಯಲ್ಲಿ, ಹೆಂಡತಿಯ ಕಸೂತಿ ಯಂತ್ರದ ಪಕ್ಕ, ಹಳೆಯ ಕಂಪ್ಯೂಟರೊಂದಿತ್ತು. ಅಂಗಿಗಳ ಎದೆಯ ಮೇಲೆ ಹೊಲಿಯುವ ಲಾಂಛನಗಳನ್ನು ಆಕೆ ಅದರಲ್ಲಿ ಬಿಡಿಸಿ, ಪೆನ್ ಡ್ರೈವಿಗೆ ಹಾಕಿ, ಯಂತ್ರಕ್ಕೆ ಚುಚ್ಚಿದರೆ ಯಂತ್ರ ತಾನಾಗಿ ಹೊಲಿಯುತ್ತಿತ್ತು. ಕಂಪ್ಯೂಟರ್ ನಿಧಾನ, ಅದು ನಿಜ. ಗುಂಡಿ ಒತ್ತಿ ಸ್ನಾನಕ್ಕೆ ಹೋಗಿ, ತಲೆ ಒಣಗಿಸಿಕೊಂಡೇ ಬರಬಹುದಿತ್ತು. ಹೊಳೆಯುವ ಮ್ಯಾಕ್ ಲ್ಯಾಪ್‌ಟಾಪನ್ನು ಬೆನ್ನಿಗೇರಿಸಿಕೊಂಡು ಬಂದಿದ್ದ ಭಾವಮೈದ ಇದನ್ನು ನೋಡಿ, "ಭಾವ, ಇದನ್ನ ಆನ್ ಮಾಡಿದ್ರೆ ಸಾಲದು, ತಟ್ಟಿ ಎಬ್ಬಿಸ್ಬೇಕು" ಅಂದುಬಿಟ್ಟ. ಹೆಂಡತಿ ಕಿಸಕ್ಕನೆ ನಕ್ಕಳು. ಭಾವಮೈದನ ಮಾತನ್ನು ಪಂಡಿತರು ಹೇಗೋ ನುಂಗಿಕೊಂಡರು. ಆ ನಗುವನ್ನು ನುಂಗುವುದು ಆಗಲಿಲ್ಲ.

ಆ ವಾರವಿಡೀ ವಿಡಿಯೋಗಳನ್ನು ನೋಡಿ ಜ್ಞಾನಾರ್ಜನೆ ಮಾಡಿದರು. ಶನಿವಾರ ಸಂಜೆ, ಬಟ್ಟೆ ಕತ್ತರಿಸುತ್ತಿದ್ದ ಹೆಂಡತಿಯ ಎದುರು ಕುರ್ಚಿ ಎಳೆದುಕೊಂಡು ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಂಡರೆಂದರೆ ಇನ್ನು ಸುಲಭಕ್ಕೆ ಬಿಡುವವರಲ್ಲ ಎಂದು ಆಕೆಗೆ ಗೊತ್ತಿತ್ತು.

"ನೋಡು, ಕಂಪ್ಯೂಟರ್ ಅನ್ನೋದು ಬರೀ ಮನೆ. ಗೋಡೆ, ಬಾಗಿಲು, ಒಲೆ, ಅಷ್ಟೇ. ಆ ಮನೆ ನಡೆಸೋ ಯಜಮಾನಿನೇ ಆಪರೇಟಿಂಗ್ ಸಿಸ್ಟಂ."

"ಅಂದ್ರೆ ನನ್ನ ಹಾಗೆ."

"ಒಂಥರಾ."

"ಒಂಥರಾ ಏನು ಬಂತು?" ಕತ್ತರಿ ನಿಂತಿತು.

"ನಿನ್ನ ಹಾಗೇನೇ! ಯಾವ ಡಬ್ಬ ಎಲ್ಲಿಡ್ಬೇಕು, ಒಲೆ ಈಗ ಯಾರಿಗೆ, ಎಲ್ಲಾ ಅವಳೇ ಹೇಳ್ಬೇಕು. ನಿನ್ನ ಕಸೂತಿ ಸಾಫ್ಟ್‌ವೇರ್ ಇದ್ಯಲ್ಲ, ಅದು ಕೆಲಸದ ಆಳು. ಯಜಮಾನಿನ ಕೇಳದೆ ಒಲೆ ಮುಟ್ಟೋ ಹಾಗಿಲ್ಲ. ಈಗ ನಮ್ಮನೇಲಿರೋಳು ವಿಂಡೋಸ್. ನಿನ್ನ ತಮ್ಮನ ಹತ್ರ ಇರೋಳು ಮ್ಯಾಕ್, ಭಾರೀ ಸಿಂಗಾರಿ, ಕಂಡಕಂಡೋರ ಮನೆಗೆಲ್ಲ ಕಾಲಿಡಲ್ಲ. ಇನ್ನೊಬ್ಬಳು ಲಿನಕ್ಸ್. ಹಳೇ ಮನೆಯಾದ್ರೂ ಚಕಚಕ ಅಂತ ಓಡಾಡ್ತಾಳೆ. ಸಂಬಳನೂ ಕೇಳಲ್ಲ."

"ಸಂಬಳ ನಾನೂ ಕೇಳಲ್ಲ," ಎಂದು ಆಕೆ ಮತ್ತೆ ಕತ್ತರಿ ಆಡಿಸಿದಳು. "ಇರೋಳು ಚೆನ್ನಾಗೇ ಇದ್ದಾಳೆ. ಸೋಮವಾರ ಕುದುರೆ ಕೊಟ್ಟು ಮುಗಿಸೋವರೆಗೆ ಅದನ್ನ ಮುಟ್ಬೇಡಿ."

ಕುದುರೆ ಎಂದರೆ ಓಟಗಾರರ ಸಂಘದ ಲಾಂಛನ. ನೆರೆಹೊರೆಯವರ ಚಿಲ್ಲರೆ ಕೆಲಸಗಳನ್ನೇ ಮಾಡಿಕೊಂಡು ಬಂದಿದ್ದ ಆಕೆಗೆ ಮೊದಲ ಸಲ ಸಿಕ್ಕಿದ್ದ ದೊಡ್ಡ ಕೆಲಸ ಅದು. ಒಪ್ಪಿಗೆಯಾದರೆ ಸಂಘದ ಅಂಗಿಗಳೆಲ್ಲ ಇನ್ನು ಇವರ ಮನೆಗೇ ಬರುತ್ತಿದ್ದವು.

ಭಾನುವಾರ ಆಕೆ ಕುದುರೆಯ ಮಾದರಿ ತೋರಿಸಲು ಸಂಘಕ್ಕೆ ಹೋದದ್ದೇ ತಡ, ಪಂಡಿತರು ತೋಳೇರಿಸಿದರು. ಆಕೆ ಬರುವಷ್ಟರಲ್ಲಿ ಕಂಪ್ಯೂಟರ್ ಗಾಳಿಯಂತೆ ಓಡಬೇಕು, ಆಕೆ ಬೆರಗಾಗಬೇಕು, ಆ ಸುದ್ದಿ ತಮ್ಮನಿಗೆ ಮುಟ್ಟಬೇಕು. ಹೊಸ ಯಜಮಾನಿ ಲಿನಕ್ಸ್‌ನ ಪ್ರತಿಷ್ಠಾಪನೆ ಶುರುವಾಯಿತು. ಪರದೆ ವಿನಯದಿಂದ ಕೇಳಿತು: ಹಳೆಯದನ್ನು ಪೂರ್ತಿ ಅಳಿಸಲೇ, ಅಥವಾ ಅದರ ಪಕ್ಕದಲ್ಲೇ ಹೊಸದನ್ನೂ ಇಡಲೇ?

ಬೇರೆ ಯಾರಾದರೂ ಆಗಿದ್ದರೆ ಪಕ್ಕದಲ್ಲಿ ಇಡು ಅನ್ನುತ್ತಿದ್ದರು. ಆದರೆ ಪಂಡಿತರ ತಲೆಯಲ್ಲಿ ಅವರದೇ ಪಾಠ ಕೂತಿತ್ತಲ್ಲ! ಒಂದೇ ಮನೆಯಲ್ಲಿ ಇಬ್ಬರು ಯಜಮಾನಿಯರೇ? ಅಮ್ಮ ಇದ್ದಾಗ ಅಡುಗೆಮನೆಯಲ್ಲಿ ಅತ್ತೆ ಸೊಸೆಯರ ಪಾತ್ರೆಗಳ ಸದ್ದು ಕೇಳಿದ ಕಿವಿ ಅದು. ಬೇಡಪ್ಪಾ ಬೇಡ, ಎಂದು 'ಪೂರ್ತಿ ಅಳಿಸು' ಒತ್ತಿದರು.

ಹೆಂಡತಿ ಬಂದವಳೇ ಚಪ್ಪಲಿ ಬಿಡುತ್ತಾ, "ರೀ, ಅಧ್ಯಕ್ಷರಿಗೆ ಕುದುರೆ ಇಷ್ಟ ಆಯ್ತು. ಆದ್ರೆ ಐದು ಕಾಲಿದೆ ಅಂದ್ರು" ಅಂದಳು.

"ಐದು ಕಾಲಾ?"

"ಬಾಲ ನೆಟ್ಟಗೆ ನೆಲ ಮುಟ್ತಾ ಇದೆ, ದಪ್ಪನೂ ಆಗಿದೆ. ಅದನ್ನ ಮೇಲೆತ್ತಿ ನಾಳೆ ಬೆಳಿಗ್ಗೆ ತೋರಿಸ್ಬೇಕು. ಇಲ್ಲಾಂದ್ರೆ ಪೇಟೆ ಅಂಗಡಿಗೆ ಕೊಡ್ತಾರಂತೆ. ಇನ್ನೇನು, ಒಂದು ಗಳಿಗೆ ಕೆಲಸ."

ಆಕೆ ಗುಂಡಿ ಒತ್ತಿದಳು. ಕಣ್ಣು ಮಿಟುಕಿಸುವುದರಲ್ಲಿ ಪರದೆ ಬೆಳಗಿತು. "ಅಯ್ಯೋ, ಎಷ್ಟು ಬೇಗ!" ಎಂದು ಆಕೆ ಬೆರಗಾದಳು. ಪಂಡಿತರ ಎದೆ ಉಬ್ಬಿತು. ಉಬ್ಬಿದ್ದು ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ರೀ, ನನ್ನ ಸಾಫ್ಟ್‌ವೇರ್ ಎಲ್ಲಿ?"

ಕುದುರೆಯೇನೋ ಆಕೆಯ ಕೈಚೀಲದ ಪೆನ್ ಡ್ರೈವಿನಲ್ಲಿ ಕ್ಷೇಮವಾಗಿತ್ತು. ಚುಚ್ಚಿದರೆ ಹೆಸರೂ ಕಾಣಿಸಿತು. ಆದರೆ ತೆರೆಯಲು ಹೋದರೆ, ಇದನ್ನು ತೆರೆಯಬಲ್ಲವರು ಇಲ್ಲಿ ಯಾರೂ ಇಲ್ಲ ಎಂದು ಪರದೆ ಕೈಚೆಲ್ಲಿತು. ಯಂತ್ರದ ಜೊತೆ ಬಂದಿದ್ದ ಸಾಫ್ಟ್‌ವೇರನ್ನು ಮತ್ತೆ ಹಾಕೋಣವೆಂದರೆ ಲಿನಕ್ಸ್ ಅದರ ಮುಖವನ್ನೂ ಗುರುತಿಸಲಿಲ್ಲ.

"ಫೈಲ್ ಇದೆ, ಓದೋರಿಲ್ಲ," ಎಂದು ಪಂಡಿತರು ವಿವರಿಸಿದರು. (ಇಂಥ ಹೊತ್ತಿನಲ್ಲೂ!) "ಓದೋ ಆಳು ವಿಂಡೋಸ್ ಹೇಳಿದ್ದು ಮಾತ್ರ ಕೇಳೋನು. ಇವಳ ಮಾತು ಅವನಿಗೆ ಅರ್ಥ ಆಗಲ್ಲ."

ಹೆಂಡತಿಗೆ ನಿನ್ನೆಯ ಪಾಠ ಚೆನ್ನಾಗಿ ನೆನಪಿತ್ತು. ಸೊಂಟಕ್ಕೆ ಕೈಯಿಟ್ಟು ನಿಂತಳು. "ಅಂದ್ರೆ ನಾನು ಮನೇಲಿಲ್ಲದ ಹೊತ್ತು ನೋಡಿ, ಇದ್ದ ಯಜಮಾನಿನ ಸಾಮಾನು ಸಮೇತ ಹೊರಗೆ ಹಾಕಿ, ಹೊಸಬಳನ್ನ ತಂದು ಕೂರಿಸ್ಕೊಂಡ್ರಿ! ಸಂಬಳ ಕೇಳಲ್ಲ ಅಂತ!"

ಕಿಟಕಿ ತೆರೆದಿತ್ತು. ಆಚೆ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯಾಕೆಯ ಕೈ ಹಗ್ಗದ ಮೇಲೇ ನಿಂತಿತು.

"ಮೆಲ್ಲಗೆ ಮಾತಾಡೇ, ಯಾರಾದ್ರೂ ಏನಂದ್ಕೊಂಡಾರು!"

"ಮಾಡೋವಾಗ ಇಲ್ಲದ ನಾಚಿಕೆ ಈಗ್ಯಾಕೆ?"

ಅಲ್ಲಿಗೇ ನಿಂತಿದ್ದರೆ ಪಂಡಿತರು ತಡೆದುಕೊಳ್ಳುತ್ತಿದ್ದರು. ಆದರೆ ಆಕೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತು, ಐದು ಕಾಲಿನ ಕುದುರೆ ಹೊಲಿದ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಬಾಲವನ್ನೇ ಬೆರಳಿಂದ ಸವರತೊಡಗಿದಳು. ಕಣ್ಣಲ್ಲಿ ನೀರಿತ್ತು. ನೀರು ಎಂದರೇನು ಎಂದು ವಿವರಿಸುವ ಸಂದರ್ಭ ಇದಲ್ಲವೆಂದು ಪಂಡಿತರಿಗೂ ಹೊಳೆಯಿತು. ಮರ್ಯಾದೆಯನ್ನು ಗಂಟುಕಟ್ಟಿ ಬದಿಗಿಟ್ಟು, ತಾವೇ ಭಾವಮೈದನಿಗೆ ಫೋನ್ ಮಾಡಿದರು.

ಭಾವಮೈದ ನಗು ತಡೆದ ಮುಖ ಹೊತ್ತುಕೊಂಡು ಬಂದ. ಲ್ಯಾಪ್‌ಟಾಪ್ ತೆರೆದು, "ಅಕ್ಕ, ಈ ಸಾಫ್ಟ್‌ವೇರ್ ಮ್ಯಾಕ್‌ನಲ್ಲೂ ನಡೆಯಲ್ಲ" ಅಂದ.

"ಓಹೋ, ಇದರಲ್ಲೂ ಆಗಲ್ವಾ?" ಎನ್ನುವಾಗ ಪಂಡಿತರು ಸಂತೋಷ ಬಚ್ಚಿಡಲು ಕೆಮ್ಮಬೇಕಾಯಿತು.

"ನೇರವಾಗಿ ಆಗಲ್ಲ ಭಾವ. ಆದ್ರೆ ಇದರೊಳಗೇ ವಿಂಡೋಸ್‌ಗೊಂದು ಕೋಣೆ ಮಾಡಿಕೊಟ್ಟಿದ್ದೀನಿ, ಆಫೀಸ್ ಕೆಲಸಕ್ಕೆ ಬೇಕಾಗುತ್ತೆ. ವರ್ಚುವಲ್ ಮಷೀನ್ ಅಂತಾರೆ. ಇಡೀ ಮನೆ ತನ್ನದೇ ಅಂದ್ಕೊಂಡು ಅದರ ಪಾಡಿಗೆ ಅದಿರುತ್ತೆ."

"ಇಬ್ರು ಯಜಮಾನಿಯರಾ? ಜಗಳ ಆಡಲ್ವಾ?"

"ಜಗಳ ಯಾಕೆ ಭಾವ? ಅದು ಕಂಪ್ಯೂಟರ್ರು."

ಆ ಕೋಣೆಯಲ್ಲಿ ಸಾಫ್ಟ್‌ವೇರ್ ಹಾಕಿದ್ದಾಯಿತು. ಕುದುರೆ ತೆರೆದುಕೊಂಡಿತು, ಹೆಂಡತಿ ಬಾಲವನ್ನು ಮೇಲೆತ್ತಿದಳು, ಯಂತ್ರ ಟಕಟಕನೆ ನಾಲ್ಕು ಕಾಲಿನ ಕುದುರೆಯೊಂದನ್ನು ಹೊಲಿದು ಕೊಟ್ಟಿತು. ಮರುದಿನ ಸಂಘದವರು ಅದನ್ನು ಒಪ್ಪಿದ್ದಲ್ಲದೆ ಅಂಗಿಗಳ ಮೂಟೆಯನ್ನೇ ಕಳಿಸಿಕೊಟ್ಟರು.

ಭಾವಮೈದ ಹೋಗುವ ಮುಂಚೆ ಹಳೆಯ ಕಂಪ್ಯೂಟರನ್ನು ಎರಡು ಪಾಲು ಮಾಡಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇಟ್ಟ. ವಿಂಡೋಸ್ ಪೂರ್ತಿ ಅಕ್ಕನಿಗೆ. ಲಿನಕ್ಸ್‌ಗೂ ಅಕ್ಕನೇ ಒಡತಿ, ಅಲ್ಲಿ ಭಾವನಿಗೆ ಅತಿಥಿ ಖಾತೆ.

"ಭಾವ, ಅತಿಥಿ ಖಾತೆ ಅಂದ್ರೆ..."

"ಗೊತ್ತು ಬಿಡಪ್ಪ," ಎಂದು ಪಂಡಿತರು ಕೈ ಎತ್ತಿದರು. ಅತಿಥಿ ಎಂಬ ಗೌರವಸ್ಥಾನ ಅವರಿಗೆ ಹಿಡಿಸಿತ್ತು.

ಮಂಗಳವಾರ ರಜೆ ಹಾಕಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಅತಿಥಿ ಖಾತೆಯಲ್ಲಿ ಕೂತು, ಕಚೇರಿಯ ಗೋಡೆಪತ್ರಿಕೆಗೆ ಒಂದು ಮಹಾಪ್ರಬಂಧ ಬರೆದರು: 'ಆಪರೇಟಿಂಗ್ ಸಿಸ್ಟಂ: ಅನುಭವಿಯೊಬ್ಬನ ಮಾರ್ಗದರ್ಶನ'. ಉಳಿಸಿದರು, ಕಂಪ್ಯೂಟರ್ ಆರಿಸಿದರು. ಊಟಕ್ಕೆ ಮುಂಚೆ ಇನ್ನೊಮ್ಮೆ ಓದಿ ಸುಖಪಡೋಣವೆಂದು ತೆರೆದರೆ, ಪ್ರಬಂಧದ ಹೆಸರಿಲ್ಲ, ಉಸಿರಿಲ್ಲ.

"ಏ! ನನ್ನ ಪ್ರಬಂಧ ಎಲ್ಲೇ?"

"ಅತಿಥಿ ಖಾತೆ ಅಲ್ವಾ," ಹೆಂಡತಿ ಯಂತ್ರದಿಂದ ತಲೆ ಎತ್ತಲಿಲ್ಲ. "ಆರಿಸಿದ ಕೂಡ್ಲೇ ಮಾಡಿದ್ದೆಲ್ಲ ಅಳಿಸಿ ಹೋಗುತ್ತೆ. ಬೇಕೂಂತ್ಲೇ ನಾನೇ ಹಾಗೆ ಹಾಕಿಸಿದ್ದು."

"ನನಗ್ಯಾಕೆ ಯಾರೂ ಹೇಳ್ಲಿಲ್ಲ?"

"ಅವನು ವಿವರಿಸೋಕೆ ಬಾಯಿ ತೆಗೆದ. ಗೊತ್ತು ಬಿಡು ಅಂದೋರು ಯಾರು?"

ಪಂಡಿತರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಈ ಮನೇಲಿ ನಾನು..." ಎಂದರು.

"ಅತಿಥಿ," ಅಂದಳು ಆಕೆ, ಮುಗಿದ ಕುದುರೆಯ ದಾರ ಕತ್ತರಿಸುತ್ತಾ. "ಊಟಕ್ಕೆ ನಾನೇ ಕರೀತೀನಿ. ಅಲ್ಲೀವರೆಗೆ ಸುಮ್ನೆ ಕೂತಿರಿ, ಏನೂ ಮುಟ್ಬೇಡಿ."