ಎಡಗಿವಿಯ ಹಿಂದಿನ ಏಳನೇ ಸುರುಳಿಗೆ

ನನ್ನ ಎಡಗಿವಿಯ ಹಿಂದೆ ವಾಸವಾಗಿರುವ, ಹತ್ತೊಂಬತ್ತು ಮಂದಿಯಲ್ಲಿ ಏಳನೆಯವರಾದ, ಸ್ವತಂತ್ರ ಮನೋಭಾವದ ಮಾನ್ಯ ಸುರುಳಿಯವರೇ,

ತಮ್ಮ ಬುಡಕ್ಕೆ, ಅಂದರೆ ತಾವೂ ನನ್ನ ತಲೆಯೂ ಕೂಡುವ ಜಾಗಕ್ಕೆ, ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಈಗಷ್ಟೇ ಬೆರಳಿನಿಂದ ಮುಟ್ಟಿ ತಿಳಿದುಕೊಂಡೆ. ಇತ್ತ ನಾನು ಮಾತ್ರ ಕ್ಷೇಮವಾಗಿಲ್ಲ. ನನ್ನ ಅಹವಾಲನ್ನು ನಾಲ್ಕು ಜನಕ್ಕೆ ಗೊತ್ತಾಗದ ಹಾಗೆ ಹೇಳಿಕೊಳ್ಳೋಣವೆಂದು ಒಂಬತ್ತು ದಿನ ಬಚ್ಚಲಿನ ಬಾಗಿಲು ಹಾಕಿಕೊಂಡು, ಹಿಂದೊಂದು ಮುಂದೊಂದು ಕನ್ನಡಿ ಹಿಡಿದು, ತಮ್ಮೆದುರು ಅಂಗಲಾಚಿದೆ. ತಾವು ಜಪ್ಪಯ್ಯ ಅಂದರೂ ಬಾಗಲಿಲ್ಲ. ಆದ್ದರಿಂದ ಹತ್ತನೆಯ ದಿನವಾದ ಇಂದು, ಕೇಶಾಲಂಕಾರ ತರಬೇತಿ ಶಾಲೆಯ ಹಜಾರದಲ್ಲಿ, ಒಂದು ಕಾಲು ಕುಂಟುವ ಬೆಂಚಿನ ಮೇಲೆ ಕುಳಿತು, ಫೋನನ್ನು ಬಾಯಿಯ ಹತ್ತಿರ ಹಿಡಿದು ಬಹಿರಂಗವಾಗಿಯೇ ಹೇಳಿಬಿಡುತ್ತಿದ್ದೇನೆ. ಹೇಳುವವನೂ ನಾನೇ, ಆಮೇಲೆ ಕೇಳಿ ಬರೆದುಕೊಳ್ಳುವವನೂ ನಾನೇ ಆದ್ದರಿಂದ, ವಾಕ್ಯ ಎಲ್ಲಾದರೂ ಉದ್ದವಾದರೆ ತಡೆಯುವವರು ಯಾರೂ ಇರಲಿಲ್ಲವೆಂದು ಮನ್ನಿಸಬೇಕು.

ತಮಗೆ ನನ್ನ ಪರಿಚಯ ಬೇಕಿಲ್ಲ, ಐವತ್ತು ವರ್ಷದಿಂದ ಒಂದೇ ತಲೆಯಲ್ಲಿದ್ದೇವೆ. ಆದರೂ ಪತ್ರ ಬಹಿರಂಗವಾದದ್ದರಿಂದ ಉಳಿದವರಿಗೂ ಒಂದು ಮಾತು. ನಾನು ಕನ್ನಡಕದ ಅಂಗಡಿಯಲ್ಲಿ ಫ್ರೇಮು ಕೂರಿಸುವವನು. ಇಪ್ಪತ್ತೆಂಟು ವರ್ಷ ಊರಿನವರ ಕಿವಿಯ ಹಿಂದೆ ಇಣುಕಿ ನೋಡಿದ ನನಗೆ, ನನ್ನದೇ ಕಿವಿಯ ಹಿಂದೆ ಇಂಥ ಘನವಂತರೊಬ್ಬರು ಇದ್ದಾರೆಂದು ತಿಳಿದದ್ದು ಈ ತಿಂಗಳು. ನಮ್ಮ ಕೂದಲೋ, ನವಿರು, ತೆಳು, ಸಾಲದ್ದಕ್ಕೆ ವಿರಳ. ಫ್ಯಾನು ಹಾಕಿದರೆ ಎಲ್ಲವೂ ಒಟ್ಟಿಗೆ ಒಂದೇ ಅಭಿಪ್ರಾಯಕ್ಕೆ ಬಂದುಬಿಡುವಂಥದ್ದು. ಇದಕ್ಕೆ ಸುರುಳಿ ಹಾಕುವುದೆಂದರೆ ಹೊಗೆಗೆ ಗಂಟು ಹಾಕಿದ ಹಾಗೆ ಎಂದು ಈ ಶಾಲೆಯಲ್ಲಿ ಒಬ್ಬರಲ್ಲ ಒಬ್ಬರು ನನ್ನ ಹೆಂಡತಿಯ ಕಿವಿಗೆ ಹಾಕಿದ್ದಾರೆ.

ಹೆಂಡತಿ ಇಪ್ಪತ್ತು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ಎಡಕ್ಕೆ ಬಲ ಜೋಡಿಸುತ್ತಿದ್ದವಳು, ಕಾರ್ಖಾನೆ ಮುಚ್ಚಿದ ಮೇಲೆ ನಲವತ್ತಾರನೇ ವಯಸ್ಸಿನಲ್ಲಿ ಈ ಶಾಲೆ ಸೇರಿ ಕತ್ತರಿ ಹಿಡಿದವಳು. ಪರೀಕ್ಷೆಯಲ್ಲಿ ಚೀಟಿ ಎತ್ತಿದಾಗ ಅವಳಿಗೆ ಎರಡು ಸಲವೂ ಬಂದದ್ದು ಒಂದೇ ವಿಷಯ: ತೆಳು ಕೂದಲಿಗೆ ಬಾಳಿಕೆಯ ಸುರುಳಿ. ಮೊದಲ ದಿನ ಶಾಲೆಯವರ ಕಣ್ಣೆದುರು ಸುರುಳಿ ಹಾಕಬೇಕು, ಮನೆಯಲ್ಲಿ ಎರಡು ಸಲ ತಲೆ ತೊಳೆಯಬೇಕು, ಹತ್ತನೆಯ ದಿನ ಹೊರಗಿನಿಂದ ಬಂದ ಪರೀಕ್ಷಕಿ ತನಗಿಷ್ಟ ಬಂದ ಒಂದೇ ಒಂದು ಸುರುಳಿಯನ್ನು ಬಾಚಣಿಗೆಯ ಬಾಲದಿಂದ ಎಳೆದು ಬಿಡುತ್ತಾರೆ. ಅದು ಚಿಮ್ಮಿ ಮೇಲೆ ಹೋದರೆ ಪಾಸು, ಜೋತುಬಿದ್ದರೆ ನಪಾಸು. ಹೋದ ಸಲ ಅವಳು ತನ್ನ ಅಕ್ಕನ ತಲೆ ತಂದಿದ್ದಳು. ಅದು ನಾಲ್ಕನೇ ದಿನಕ್ಕೇ ಮಲಗಿತ್ತು. ಈ ಸಲವೂ ಹೋದರೆ ಇಡೀ ವರ್ಷದ ಪಾಠ ಮೊದಲಿಂದ, ಮತ್ತು ಮುಖ್ಯ ರಸ್ತೆಯ ಸಲೂನಿನ ಒಡತಿ ಈ ಶನಿವಾರದವರೆಗೆ ಅವಳಿಗಾಗಿ ಹಿಡಿದಿಟ್ಟ ಕಿಟಕಿ ಪಕ್ಕದ ಕುರ್ಚಿ ಬೇರೆಯವರ ಪಾಲು.

ಅಕ್ಕ ಈ ಬಾರಿ ತಲೆ ಕೊಡುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದ ದಿನ, ಹೆಂಡತಿ ಊಟದ ಮೇಜಿನ ಆಚೆಯಿಂದ ನನ್ನ ನೆತ್ತಿಯನ್ನು ನೋಡತೊಡಗಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನಾನು ಕರಗಿಹೋದೆ. ಐದು ತಿಂಗಳು ಕತ್ತರಿ ಮುಟ್ಟಿಸದೆ ತಮ್ಮನ್ನೆಲ್ಲ ಸಾಕಿದೆ. ಯಾರ ಮೇಲಪ್ಪಾ ಇಷ್ಟು ಕೋಪ, ಕೂದಲು ಬಿಟ್ಟು ಶಪಥ ಮಾಡಿದ್ದೀಯಾ ಎಂದು ಅಂಗಡಿಯ ಯಜಮಾನರು ಕೇಳಿದರೂ ಸಾಕುತ್ತಲೇ ಹೋದೆ.

ಇನ್ನು ಅವಳ ಕೈಚಳಕವನ್ನು ತಾವೇ ಅನುಭವಿಸಿದ್ದೀರಿ. ನವಿರು ಕೂದಲಿಗೆಂದು ಪೆನ್ಸಿಲಿಗಿಂತ ಸಪೂರದ ಕಡ್ಡಿ, ತುದಿ ಮುರಿಯದಿರಲೆಂದು ಎರಡೆರಡು ಪದರ ಕಾಗದ, ಸುಟ್ಟುಹೋಗದಿರಲೆಂದು ಸೌಮ್ಯವಾದ ದ್ರಾವಣ, ಎರಡೆರಡು ನಿಮಿಷಕ್ಕೆ ಒಂದು ಕಡ್ಡಿ ಬಿಚ್ಚಿ ನೋಡಿ ಮತ್ತೆ ಸುತ್ತುವ ತಾಳ್ಮೆ. ಮುದ್ದಾದ ಹಳದಿ ಕಡ್ಡಿ ಇಪ್ಪತ್ತಾರು ಇದ್ದವು, ಕೂದಲು ಹತ್ತೊಂಬತ್ತಕ್ಕೇ ಮುಗಿಯಿತು. ಉಳಿದ ಏಳನ್ನು ಅವಳು ನನ್ನ ಮರ್ಯಾದೆ ಕಾಯಲೆಂದು ಸೆರಗಿನ ಮರೆಯಲ್ಲೇ ಡಬ್ಬಿಗೆ ಹಾಕಿದಳು.

ತಮ್ಮ ಸಹೋದ್ಯೋಗಿಗಳಾದ ಹದಿನೆಂಟು ಮಂದಿಯ ನಡತೆಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಎರಡು ಸಲ ತೊಳೆದರೂ, ಹೆಲ್ಮೆಟ್ ಹಾಕಿದರೂ, ಎಳೆದು ಬಿಟ್ಟ ಕೂಡಲೇ ಕರೆಗಂಟೆಗೆ ಓಡಿಬಂದ ಹಾಗೆ ಮೇಲೆ ಬರುತ್ತಾರೆ. ಅವರ ದೆಸೆಯಿಂದ ನಾನು ಕನ್ನಡಿ ಮುಂದೆ ಹಾದುಹೋಗುವಾಗ ಯಾರೋ ದೊಡ್ಡವರು ಎದುರಾದರೆಂದು ದಾರಿ ಬಿಡುತ್ತೇನೆ. ಮೊನ್ನೆ ಹೊಸ ಕನ್ನಡಕ ಹಾಕಿಕೊಂಡ ಹಿರಿಯರೊಬ್ಬರು ನನ್ನತ್ತ ಒಮ್ಮೆ ನೋಡಿ, ನಂಬರು ತಪ್ಪಾಗಿದೆ ಎಂದು ಅದನ್ನು ಬಿಚ್ಚಿಟ್ಟು ಹೋದರು. ಇಷ್ಟೆಲ್ಲದರ ನಡುವೆ ತಾವು, ಆರನೆಯವರಿಗೂ ಎಂಟನೆಯವರಿಗೂ ಮಧ್ಯೆ, ಅಳತೆಪಟ್ಟಿಯ ಹಾಗೆ ನೆಟ್ಟಗೆ ಇಳಿದುನಿಂತಿದ್ದೀರಿ. ಆಹಾ, ಏನು ನೇರ, ಏನು ನಿಷ್ಠುರ! ನನ್ನ ಬೆನ್ನೆಲುಬಿಗೆ ತಮ್ಮಲ್ಲಿ ಒಂದು ವಾರ ತರಬೇತಿ ಕೊಡಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ.

ಆದ್ದರಿಂದ ತಮ್ಮಲ್ಲಿ ವಿನಂತಿ. ಇನ್ನು ಅರ್ಧ ಗಂಟೆಯ ಮಟ್ಟಿಗೆ ತಾವು ರಜೆಯ ಮೇಲೆ ತೆರಳಬಹುದು. ಅದಾಗದಿದ್ದರೆ ಎಂಟನೆಯವರನ್ನು ಪ್ರಭಾರಿಯಾಗಿ ನೇಮಿಸಿ ಅವರ ಹಿಂದೆ ಒರಗಿಕೊಳ್ಳಬಹುದು. ಅದೂ ಆಗದಿದ್ದರೆ, ಹೇಗೂ ಖಾಲಿ ಹುದ್ದೆಗಳು ಬೇಕಾದಷ್ಟಿರುವ ನಡುನೆತ್ತಿಗೆ ವರ್ಗಾವಣೆ ಕೇಳಬಹುದು, ಶಿಫಾರಸು ನನ್ನದು.

ಇಲ್ಲಿ ಸ್ವಲ್ಪ ದನಿ ತಗ್ಗಿಸುತ್ತೇನೆ, ಹೆಂಡತಿ ಹಜಾರದ ಆ ತುದಿಯಲ್ಲಿ ಓಡಾಡುತ್ತಿದ್ದಾಳೆ. ಹತ್ತು ದಿನದಿಂದ ಅವಳು ಮನೆಯಲ್ಲಿ ಟವೆಲಿನ ಅಂಚಿನ ನೂಲುಗಳನ್ನು ಹಳದಿ ಕಡ್ಡಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಾಳೆ, ಹತ್ತೊಂಬತ್ತರ ಸುತ್ತನ್ನೂ ಅಲ್ಲ, ಏಳನೆಯದರ ಸುತ್ತನ್ನು ಮಾತ್ರ. ಮೊನ್ನೆ ನೂಲು ಸುತ್ತುತ್ತಲೇ, ನನ್ನ ಮುಖ ನೋಡದೆ ಅಂದಳು: "ಎಲ್ಲಾ ಒಂದೇ ಥರ ಸುತ್ತಿದ್ದೆ ಕಣ್ರೀ. ಆ ಒಂದಕ್ಕೆ ನನ್ ಕೈ ಯಾಕೆ ಸಡಿಲ ಆಯ್ತೋ ಗೊತ್ತಾಗ್ತಿಲ್ಲ."

ಯಾಕೆಂದು ನನಗೆ ಗೊತ್ತಿತ್ತು, ತಮಗೂ ಗೊತ್ತಿತ್ತು. ಮೊದಲ ದಿನ, ಕೊನೆಯ ದ್ರಾವಣ ಹಾಕಿ, ಸುರುಳಿ ಗಟ್ಟಿಯಾಗುವುದೇ ಈ ಹತ್ತು ನಿಮಿಷದಲ್ಲಿ, ತಲೆ ಮುಟ್ಟಬೇಡಿ ಎಂದು ಹೇಳಿ ಅವಳು ಬಟ್ಟಲು ತೊಳೆಯಲು ಹೋದಳು, ಶಾಲೆಯವರು ಪಕ್ಕದ ತಲೆ ನೋಡಲು ಹೋದರು. ಅದಕ್ಕೆ ಮುಂಚೆ ನಾನು ನನ್ನ ದೊಡ್ಡಕ್ಕನಿಗೆ ಹನ್ನೊಂದು ನಿಮಿಷದ ಒಂದು ಧ್ವನಿಸಂದೇಶ ಕಳಿಸಿದ್ದೆ. ದೊಡ್ಡಕ್ಕ ಯಾವತ್ತೂ ಅರ್ಧಕ್ಕೇ ಬಿಟ್ಟು ಒಂದು ಹೆಬ್ಬೆರಳಿನ ಚಿತ್ರ ಕಳಿಸಿಬಿಡುತ್ತಾಳೆ. ಒಬ್ಬರಾದರೂ ಪೂರ್ತಿ ಕೇಳಬೇಕಲ್ಲ ಎಂದು ನಾನೇ ಕೇಳಲು ಫೋನನ್ನು ಎಡಗಿವಿಗೆ ಹಿಡಿದೆ. ತಮ್ಮ ಕಡ್ಡಿ ಅಡ್ಡ ಬಂತು. ಒಂದಿಷ್ಟು ಮೇಲಕ್ಕೆ ಸರಿಸಿದೆ ಅಷ್ಟೆ, ಟಿಕ್ ಎಂದು ಕಳಚಿ ಮಡಿಲಿಗೆ ಬಿತ್ತು. ಅವಳು ತಿರುಗುವುದರೊಳಗೆ, ಕಿತ್ತುಹೋದ ಗುಂಡಿಯನ್ನು ಎಂಜಲು ಹಚ್ಚಿ ಅಂಟಿಸುವವನ ಹಾಗೆ, ತಮ್ಮನ್ನು ಅದಕ್ಕೆ ಹೇಗೋ ಸುತ್ತಿ ಸಿಕ್ಕಿಸಿದೆ. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ನಾನು ಈ ಒಂದು ಮಾತನ್ನು ಹತ್ತು ದಿನ ನುಂಗಿಕೊಂಡಿದ್ದೇನೆ.

ಬಾಗಿಲು ತೆರೆಯಿತು, ನಮ್ಮನ್ನು ಕರೆಯುತ್ತಿದ್ದಾರೆ. ಒಂದೇ ಒಂದು ಎಳೆತದಷ್ಟು ಹೊತ್ತು ಬಾಗಿರಿ ಸ್ವಾಮಿ. ಆಮೇಲೆ ಜೀವಮಾನವಿಡೀ ನೆಟ್ಟಗಿದ್ದರೂ ನಾನು ಕೇಳುವುದಿಲ್ಲ.

ತಮ್ಮನ್ನು ಹೊತ್ತು ತಿರುಗುವ,
ತಮ್ಮ ವಿಶ್ವಾಸಿ,
ಇಡೀ ತಲೆಯ ಪರವಾಗಿ

(ಪ್ರತಿ: ಉಳಿದ ಹದಿನೆಂಟು ಸುರುಳಿಗಳಿಗೆ, ಮಾಹಿತಿಗಾಗಿ.)

ಮರೆತ ಮಾತು: ಮನೆಗೆ ಹೋಗುವ ಬಸ್ಸಿನಲ್ಲಿ ಕುಳಿತು ಇದನ್ನು ಸೇರಿಸುತ್ತಿದ್ದೇನೆ. ತಾವು ಬಾಗಲಿಲ್ಲವೆಂಬುದು ತಮಗೆ ತಿಳಿದೇ ಇದೆ. ಪರೀಕ್ಷಕಿ ನನ್ನ ಸುತ್ತ ಎರಡು ಸುತ್ತು ಬಂದರು, ಇಂಥ ಕೂದಲಿನಲ್ಲಿ ಇಂಥ ಸುರುಳಿ ಹತ್ತು ದಿನ ನಿಲ್ಲುವುದುಂಟೇ, ಇದು ಹುಟ್ಟು ಗುಂಗುರು, ಶಾಲೆಯವರ ಸಾಕ್ಷಿ ನನಗೆ ಬೇಡ, ಗುಂಗುರು ಕೂದಲಿನ ಬಂಧುಗಳನ್ನು ಕರೆತರುವವರನ್ನು ಬೇಕಾದಷ್ಟು ನೋಡಿದ್ದೇನೆ ಎಂದರು. ಅಷ್ಟರಲ್ಲಿ ಬಾಚಣಿಗೆಯ ಬಾಲ ತಮ್ಮ ಮನೆಬಾಗಿಲಿಗೇ ಬಂತು. ಓಹೋ, ಹುಟ್ಟು ಗುಂಗುರಲ್ಲ, ಸಡಿಲ ಸುತ್ತು ಎಂದು ಪೆನ್ನು ತೆರೆದರು. ಹೆಂಡತಿ ತಲೆ ತಗ್ಗಿಸಿ, ಹೌದು ಮೇಡಂ, ನನ್ನ ಕೈ ಸಡಿಲವಾಯಿತು ಎಂದಳು. ನನ್ನಿಂದ ತಡೆಯಲಾಗಲಿಲ್ಲ. ಟಿಕ್ ಎಂದದ್ದು, ಮಡಿಲಿಗೆ ಬಿದ್ದದ್ದು, ಸಿಕ್ಕಿಸಿದ್ದು, ದೊಡ್ಡಕ್ಕನ ಹೆಬ್ಬೆರಳು, ಎಲ್ಲ ಬಡಬಡನೆ ಹೇಳಿಬಿಟ್ಟೆ. ಅವರು ನಂಬದೆ, ಫೋನು ಹಿಡಿದು ತೋರಿಸಿ ಎಂದರು. ಹಿಡಿದೆ. ಫೋನಿನ ಮೂಲೆ ಸರಿಯಾಗಿ ತಮ್ಮ ನೆತ್ತಿಯ ಮೇಲೆ ಕೂತಿತು. ಅವರು ಉಳಿದ ಹದಿನೆಂಟು ಮಂದಿಯನ್ನೂ ಒಬ್ಬೊಬ್ಬರಾಗಿ ಎಳೆದು ಬಿಟ್ಟು, ಎಲ್ಲರೂ ಚಿಮ್ಮಿ ಮೇಲೆ ಹೋದದ್ದನ್ನು ನೋಡಿ, ಕೊನೆಗೆ ನನ್ನ ಹೆಂಡತಿಗೆ ಹೇಳಿದರು: "ಈ ಒಂದು ನೆಟ್ಟಗಿರೋದಕ್ಕೇ ಮಿಕ್ಕಿದ್ದೆಲ್ಲಾ ನಿಮ್ ಕೈಕೆಲಸ ಅಂತ ನಂಬ್ತೀನಮ್ಮಾ." ಹಾಳೆಯ ಮೇಲೆ ಬರೆದದ್ದು ಇಷ್ಟು: ಸುರುಳಿ ಅತ್ಯುತ್ತಮ, ಪಾಸು, ಗಂಡನನ್ನು ಬದಲಿಸುವುದು ಒಳ್ಳೆಯದು. ಆಮೇಲೆ 'ಗಂಡ' ಹೊಡೆದುಹಾಕಿ 'ಮಾದರಿ' ಎಂದು ತಿದ್ದಿದರು.

ಹೆಂಡತಿ ಮೂರು ಸೀಟು ಮುಂದೆ, ಆ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ, ಇಷ್ಟು ಹೊತ್ತು ಫೋನಿನೊಳಗೆ ಏನೋ ಪಿಸುಗುಟ್ಟುತ್ತಿದ್ದಳು. ಈಗಷ್ಟೇ ಅವಳಿಂದ ನನಗೊಂದು ಧ್ವನಿಸಂದೇಶ ಬಂದಿದೆ, ಬಾಳಿನಲ್ಲಿ ಮೊದಲನೆಯದು, ಹದಿನಾಲ್ಕು ನಿಮಿಷದ್ದು. ಎಡಗಿವಿಗೆ ಹಿಡಿದು ಪೂರ್ತಿ ಕೇಳುವವನಿದ್ದೇನೆ. ತಮ್ಮ ದಯೆಯಿಂದ ಆ ಕಡೆ ಇನ್ನು ಅಡ್ಡ ಬರುವವರು ಯಾರೂ ಇಲ್ಲ.