ಹಿತ್ತಿಲ ಕೋಣೆಯ ಸ್ಫೂರ್ತಿ

ಮೊನ್ನೆ ಕಡಿಯಾಳಿಯ ಮಹಿಳಾ ಸಮಾಜದವರೆಲ್ಲ ಸೇರಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹಾರ ಹಾಕಿ, "ನಿಮ್ಮ ಬರವಣಿಗೆಗೆ ಸ್ಫೂರ್ತಿ ಎಲ್ಲಿಂದ?" ಎಂದು ಕೇಳಿದರು. "ಕಾಪುವಿನ ಕಡಲು! ಆ ತೆರೆಗಳ ಮೊರೆತವೇ ನನ್ನ ಲೇಖನಿಯ ಉಸಿರು" ಎಂದೆ. ಚಪ್ಪಾಳೆಯೋ ಚಪ್ಪಾಳೆ. (ಕಾಪುವಿಗೆ ನಾನು ಹೋದದ್ದು ಒಂದೇ ಸಲ, ಮದುವೆಯೂಟಕ್ಕೆ. ಪಾಯಸ ಮುಗಿಸುವಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಕಡಲಿನ ಮುಖ ನೋಡಲಿಲ್ಲ.)

ನಿಜ ಹೇಳಿದ್ದರೆ ಹಾರ ವಾಪಸು ಕೇಳುತ್ತಿದ್ದರೋ ಏನೋ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ನನ್ನ ಸಮಸ್ತ ಸಾಹಿತ್ಯ ಅವತರಿಸಿದ್ದು ನಮ್ಮ ಬಚ್ಚಲಿನ ಪಕ್ಕದ ಹಿತ್ತಿಲ ಕೋಣೆಯಲ್ಲಿ. ಅದೂ ತಿಂಗಳಿಗೆ ಮೂರೇ ದಿನ, ನಾನು ಹೊರಗಾದಾಗ.

ಉಳಿದ ದಿನಗಳಲ್ಲಿ ಈ ಸುಭಾಷಿಣಿಗೆ ಉಸಿರಾಡಲು ಪುರುಸೊತ್ತಿಲ್ಲ. ಅತ್ತೆಯವರಿಗೆ ಕಷಾಯ, ಇವರಿಗೆ ಇಸ್ತ್ರಿ, ದೋಸೆಗೆ ಉದ್ದು, ಸಾರಿಗೆ ತೆಂಗಿನಕಾಯಿ. ಆದರೆ ಆ ಮೂರು ದಿನ? ಯಾರೂ ನನ್ನನ್ನು ಮುಟ್ಟುವಂತಿಲ್ಲ, ಕರೆಯುವಂತಿಲ್ಲ. ಊಟದ ಎಲೆ ತಾನಾಗಿಯೇ ಬಾಗಿಲಿಗೆ ಬರುತ್ತದೆ. ಆಸ್ಥಾನ ಕವಿಗಳಿಗೂ ಇಂಥ ಸೌಕರ್ಯ ಇದ್ದಿರಲಾರದು. (ಕಾಗದ ಎಂದರೆ ಸರಸ್ವತಿ, ಮುಟ್ಟಬಾರದು ಎಂದು ಅತ್ತೆ ಮೊದಲು ತಕರಾರು ಎತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಮ್ಮವರು, ಹಯಗ್ರೀವ ಮಾಸ್ಟ್ರು, ಹಳೆಯ ಪರೀಕ್ಷೆ ಪೇಪರಿನ ಹಿಂಬದಿ ಸರಸ್ವತಿ ಅಲ್ಲ ಎಂದು ತೀರ್ಪು ಕೊಟ್ಟರು.)

ಅಲ್ಲಿ ಕೂತು ನಾನು ಬರೆಯತೊಡಗಿದ್ದೇನು ಗೊತ್ತೇ? ಹೆಂಗಸರನ್ನು ಹೊರಗೆ ಕೂರಿಸುವ ಕ್ರೂರ ಪದ್ಧತಿಯ ವಿರುದ್ಧ ಐದು ಕಂತುಗಳ ಧಾರಾವಾಹಿ! ಸಿಟ್ಟು ಸುಳ್ಳಲ್ಲ. ನನ್ನ ಅಕ್ಕ ಕುಶಲಾ ಮಳೆಗಾಲದಲ್ಲಿ ಸೋರುವ ಕೊಟ್ಟಿಗೆಯಲ್ಲಿ, ದನದ ಪಕ್ಕ, ಗೋಣಿ ಹೊದ್ದು ಕೂರುವುದನ್ನು ಕಣ್ಣಾರೆ ಕಂಡು ಅತ್ತವಳು ನಾನು. ಆದರೆ ನನ್ನ ಕೋಣೆ ಸೋರುತ್ತಿರಲಿಲ್ಲ, ಏನು ಮಾಡಲಿ?

ಅದು ಬರುತ್ತಿದ್ದದ್ದು ಒಂದು ಮಾಸಪತ್ರಿಕೆಯಲ್ಲಿ. ತಿಂಗಳಿಗೊಂದು ಕಂತು, ತಿಂಗಳಿಗೊಂದು ಸಲ ಹೊರಗೆ. ಒಮ್ಮೆಯೂ ತಡವಾಗಲಿಲ್ಲ. "ತಮ್ಮ ಶಿಸ್ತು ಇತರ ಲೇಖಕರಿಗೆ ಮಾದರಿ" ಎಂದು ಸಂಪಾದಕರು ಕಾರ್ಡು ಬರೆದರು. ನಾಲ್ಕನೇ ಕಂತಿನ ಕೊನೆಗೆ ನನ್ನ ನಾಯಕಿ ವೈಜಯಂತಿ ಅತ್ತೆಯ ಕಾಟ ತಾಳಲಾರದೆ ಬಾವಿಕಟ್ಟೆ ಹತ್ತಿ ನಿಂತಳು. ಹಾರುತ್ತಾಳೋ ಇಲ್ಲವೋ? ಓದುಗರ ಪತ್ರಗಳು ಬಂದವು. ಕೊನೆಯ ಕಂತು ಹತ್ತು ಪುಟ ಇರಲಿ ಎಂದು ಸಂಪಾದಕರೂ ಬರೆದರು. ನನಗೆ ಬೇಕಾದದ್ದು ಮೂರು ದಿನ, ಅಷ್ಟೇ.

ಅಷ್ಟರಲ್ಲಿ ಅತ್ತೆಯವರಿಗೆ ಮಣಿಪಾಲದಲ್ಲಿ ಕಣ್ಣಿನ ಪೊರೆ ತೆಗೆಸಿ ಹೊಸ ಕನ್ನಡಕ ಬಂತು. ಆ ಕನ್ನಡಕದಲ್ಲಿ ಅವರು ಮೊದಲು ಓದಿದ್ದು ನನ್ನ ನಾಲ್ಕೂ ಕಂತುಗಳನ್ನು!

"ಸುಭಾಷಿಣೀ, ಇಲ್ಲಿ ಬಾ. ಈ ಮುದುಕಿ ಎಡಗಾಲು ಎಳೆದು ನಡೆಯುತ್ತಾಳೆ. ಮಾತಿಗೆ ಮೊದಲು ಮೂರು ಸಲ ಕೆಮ್ಮುತ್ತಾಳೆ. ಇದು ಯಾರು?"

"ಅವರು ಕಾರ್ಕಳದವರು ಅತ್ತೆ" ಎಂದೆ ಬೆವರುತ್ತಾ. "ನೀವು ಅಜೆಕಾರಿನವರು ಅಲ್ವಾ?"

ಅತ್ತೆ ಮೂರು ಸಲ ಕೆಮ್ಮಿದರು. ಪತ್ರಿಕೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ಆ ತಿಂಗಳು ಹೊರಗಾದ ದಿನ ನಾನು ಕಾಗದದ ಕಟ್ಟು, ಶಾಯಿಪೆನ್ನು ಹಿಡಿದು ಹಿತ್ತಿಲಿಗೆ ಹೊರಟೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಎಲ್ಲಿಗೆ?"

"ಹೊರಗಾದೆ ಅತ್ತೆ."

"ಇನ್ನು ಈ ಮನೆಯಲ್ಲಿ ಅದು ಇಲ್ಲ" ಎಂದವರೇ ನನ್ನ ಕೈ ಹಿಡಿದುಬಿಟ್ಟರು.

"ಅಯ್ಯೋ, ಮುಟ್ಟಿದಿರಲ್ಲ! ಸ್ನಾನ ಮಾಡಬೇಕಲ್ಲ!"

"ಮಾಡುವುದಿಲ್ಲ. ನಾನೂ ನಲವತ್ತು ವರ್ಷ ಹಾಗೆ ಕೂತವಳು. ಯಾರಿಗೂ ಒಂದು ಮಾತು ಹೇಳಿದವಳಲ್ಲ. ನೀನು ಹೇಳಿದೆ." ಅವರ ಹೊಸ ಕನ್ನಡಕ ಮಂಜಾಗಿತ್ತು. "ದೇವರ ಕೋಣೆ ಒಂದು ಬಿಡು. ಅಡುಗೆಮನೆಗೆ ಬಾ."

ನನಗೂ ಆ ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಆದರೆ ಹತ್ತು ಪುಟ ಬರೆಯುವುದು ಯಾವಾಗ?

"ಶಾಸ್ತ್ರ ಬಿಡುವುದುಂಟಾ ಅತ್ತೆ? ಹಿರಿಯರು ಸುಮ್ಮನೆ ಮಾಡಿದ್ದಾ?"

ಒಳಗಿನಿಂದ ಮಾಸ್ಟ್ರ ಸ್ವರ ಬಂತು: "ಎರಡನೇ ಕಂತು ನೋಡು ಮಾರಾಯ್ತಿ. ಮನುಷ್ಯರಿಗಿಂತ ಶಾಸ್ತ್ರ ದೊಡ್ಡದಲ್ಲ ಅಂತ ನೀನೇ ಬರೆದದ್ದು ಉಂಟು."

"ಅದು ಕತೆ!"

"ಕತೆ ಓದಿಯೇ ನನಗೆ ಬುದ್ಧಿ ಬಂದದ್ದು" ಎಂದರು ಅತ್ತೆ. "ಮತ್ತೆ, ನೀನು ಹೊರಗೆ ಕೂತ ಮೂರು ದಿನ ಆ ರುಬ್ಬುವ ಕಲ್ಲಿನಲ್ಲಿ ಕಡೆದು ಕಡೆದು ನನ್ನ ಮಂಡಿಯೂ ಹೋಯಿತು ನೋಡು. ನಾಳೆಗೆ ಉದ್ದು ನೆನೆಸಿದ್ದೇನೆ."

ಮರುದಿನವೇ ನನ್ನ ಬರವಣಿಗೆಯ ಕೋಣೆಗೆ ತೆಂಗಿನಕಾಯಿ ತುಂಬಿಸಿದರು. ಅಡುಗೆಮನೆಯಲ್ಲಿ ಬರೆಯೋಣವೆಂದರೆ, ವೈಜಯಂತಿ ನಿಟ್ಟುಸಿರು ಬಿಡುವಷ್ಟರಲ್ಲಿ ಹಾಲು ಉಕ್ಕುತ್ತಿತ್ತು. ಬಾವಿಗೆ ಇಣುಕುವಷ್ಟರಲ್ಲಿ ಒಗ್ಗರಣೆ ಕರಟುತ್ತಿತ್ತು. ಪಾಪದ ಹುಡುಗಿ ಎರಡು ತಿಂಗಳು ಬಾವಿಕಟ್ಟೆಯ ಮೇಲೆಯೇ ನಿಂತಳು. ಮಾದರಿ ಲೇಖಕಿಗೆ ಸಂಪಾದಕರಿಂದ ಎರಡು ಜ್ಞಾಪನಾ ಪತ್ರ ಬಂದವು. ಮೂರನೆಯದು ತಂತಿ.

ಕೊನೆಗೆ ಕಲ್ಲಿನ ಪಕ್ಕ ಕೂತು, ಹಿಟ್ಟಿನ ಕೈಯಲ್ಲೇ ಬರೆದು ಮುಗಿಸಿದೆ. ಹತ್ತು ಪುಟ ಬೇಕಾಗಲಿಲ್ಲ, ಅರ್ಧ ಪುಟ ಸಾಕಾಯಿತು. ಎಡಗಾಲು ಎಳೆಯುತ್ತಾ ಅತ್ತೆ ಬಾವಿಕಟ್ಟೆಗೆ ಬಂದರು, ವೈಜಯಂತಿಯ ಕೈ ಹಿಡಿದರು, ಮನೆಯೊಳಗೆ ಕರೆದುಕೊಂಡು ಹೋದರು. ಶುಭಂ.

ಅಪೂರ್ವ ಸುಖಾಂತವೆಂದು ಓದುಗರು ಹೊಗಳಿದರು. ಮಹಿಳಾ ಸಮಾಜದ ಹಾರ ಬಂದದ್ದೂ ಅದಕ್ಕೇ. ಅತ್ತೆ ಆ ಅರ್ಧ ಪುಟವನ್ನು ಎರಡು ಸಲ ಓದಿ ಕಣ್ಣೊರೆಸಿಕೊಂಡರು.

"ಇನ್ನು ಆ ಹುಡುಗಿಗೆ ಸುಖ ಅಲ್ವಾ?"

"ಹೌದು ಅತ್ತೆ" ಎಂದು ನಾನು ಕಲ್ಲಿಗೆ ಇನ್ನೊಂದು ಹಿಡಿ ಉದ್ದು ಹಾಕಿದೆ.